ಒಸಾಕಾ ಸ್ಟೇಷನ್ ಮೇಲಿನ ಲುಕುವಾ: ಮೊದಲು ಮೇಲೆ ಹತ್ತಿ, ಆಮೇಲೆ ಇಳಿಯುತ್ತಾ ಬನ್ನಿ

ಅಕ್ಕನ ಮಗಳು ಕಾಲೇಜು ಮುಗಿಸಿ ನಾನಿರುವ ಜಪಾನಿನ ಒಸಾಕಾಗೆ ಬಂದಿದ್ದಳು. ಅವಳು ಬರೆದುಕೊಂಡು ಬಂದಿದ್ದ ಪಟ್ಟಿಯಲ್ಲಿ ಮೊದಲ ಹೆಸರೇ ಲುಕುವಾ, ರೈಲ್ವೆ ಸ್ಟೇಷನ್ನಿನ ಮೇಲಿರುವ ಮಾಲ್. ಅಂಗಡಿ ತೆರೆಯುವ ಹೊತ್ತಿಗೇ ಹೋಗಿ ಕೆಳಗಿನಿಂದ ಶುರು ಮಾಡಿದೆವು. ಮಧ್ಯಾಹ್ನ ಎರಡಾದರೂ ನಾಲ್ಕನೇ ಮಹಡಿ ದಾಟಿರಲಿಲ್ಲ. ಕಾಲು ನೋವು, ಹಸಿವು, ಕೈತುಂಬ ಚೀಲ. ಊಟ ಹುಡುಕಿಕೊಂಡು ಹೊರಗೆ ಬಂದವರು ಮತ್ತೆ ಒಳಗೆ ಹೋಗಲೇ ಇಲ್ಲ. ಮೇಲಿದ್ದ ತೋಟ, ಪುಸ್ತಕದಂಗಡಿ ಯಾವುದನ್ನೂ ಅವಳಿಗೆ ತೋರಿಸಲು ಆಗಲಿಲ್ಲ. ಅವಳು ಊರಿಗೆ ಹೋದ ಮೇಲೂ ಆ ಕೊರಗು ನನ್ನಲ್ಲಿ ಉಳಿಯಿತು. ಅಲ್ಲಿಂದೀಚೆಗೆ ಬಂದ ನೆಂಟರನ್ನೆಲ್ಲ ನಾನು ಮೊದಲು ಮೇಲೆ ಹತ್ತಿಸಿ, ಆಮೇಲೆ ಇಳಿಸಿಕೊಂಡು ಬರುತ್ತೇನೆ. ಆ ದಾರಿಯನ್ನೇ ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಜಾಗದ ಪರಿಚಯ. ಜೆಆರ್ (ಜಪಾನ್ ರೈಲ್ವೇಸ್) ಒಸಾಕಾ ಸ್ಟೇಷನ್ನಿನ ಉತ್ತರದ ಕಟ್ಟಡದಲ್ಲಿ ಎರಡು ಮಾಲ್‌ಗಳು ಅಕ್ಕಪಕ್ಕದಲ್ಲಿವೆ. ಪೂರ್ವದ ಕಡೆಯದು ಲುಕುವಾ. 2011ರ ಮೇ ತಿಂಗಳಲ್ಲಿ ಹೊಸ ಸ್ಟೇಷನ್ ಕಟ್ಟಡದ ಜೊತೆಗೇ ತೆರೆಯಿತು. ಪಶ್ಚಿಮದ ಕಡೆ ಆಗ ಒಂದು ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್ ಬಂದಿತ್ತು. ಅದು 2014ರಲ್ಲಿ ಮುಚ್ಚಿತು. ಅದೇ ಜಾಗದಲ್ಲಿ 2015ರ ಏಪ್ರಿಲ್‌ನಲ್ಲಿ ಲುಕುವಾ 1100 ಶುರುವಾಯಿತು. ಈ 1100 ಅನ್ನು ಯಾರೂ ಸಾವಿರದ ನೂರು ಎಂದು ಓದುವುದಿಲ್ಲ. ಎರಡು ಒಂದುಗಳು ಸೇರಿ 'ಈ', ಎರಡು ಸೊನ್ನೆ ಸೇರಿ 'ರೆ'. ಹಾಗಾಗಿ 'ರುಕುವಾ ಈರೆ' ಎಂದು ಕೇಳಿ. ಜಪಾನಿ ಬಾಯಲ್ಲಿ ಲ ಇಲ್ಲ, ರ ಬರುತ್ತದೆ. ಲುಕುವಾ ಎಂದರೆ ಒಮ್ಮೊಮ್ಮೆ ಅರ್ಥವಾಗುವುದಿಲ್ಲ.

ಎರಡೂ ಕಡೆ ಹೆಚ್ಚಾಗಿ ಕಾಣುವವರು ಇಪ್ಪತ್ತು ಮೂವತ್ತರ ಆಸುಪಾಸಿನವರು. ಅದರಲ್ಲೂ ಕೆಲಸಕ್ಕೆ ಹೋಗುವ ಹುಡುಗಿಯರು ಜಾಸ್ತಿ. ಹೈಸ್ಕೂಲ್ ಮಕ್ಕಳು ನಿಮ್ಮ ಜೊತೆಗಿದ್ದರೆ ಪಕ್ಕದ ಹೆಪ್ ಫೈವ್ ಮಾಲ್ ಅವರಿಗೆ ಇನ್ನೂ ಹಿಡಿಸೀತು. ಅದನ್ನು ಆಮೇಲೆ ಹೇಳುತ್ತೇನೆ.

ಹೊರಡುವ ಮುಂಚೆ

ನಿಮ್ಮ ಪಾದದ ಅಳತೆಯನ್ನು ಸೆಂಟಿಮೀಟರ್‌ನಲ್ಲಿ ಬರೆದುಕೊಳ್ಳಿ. ಜಪಾನಿನಲ್ಲಿ ಚಪ್ಪಲಿ, ಶೂಗಳ ಸೈಜ್ 23.5, 24, 24.5 ಹೀಗೆ ಸೆಂಟಿಮೀಟರ್‌ನಲ್ಲೇ ಇರುತ್ತದೆ. ನಮ್ಮೂರಿನ 5, 6, 7 ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಸುಲಭವಾಗಿ ಬಿಚ್ಚಿ ಹಾಕುವ ಶೂ, ತೂತಿಲ್ಲದ ಸಾಕ್ಸ್ ಹಾಕಿಕೊಳ್ಳಿ. ಬಟ್ಟೆ ಹಾಕಿ ನೋಡುವ ಕೋಣೆಗೆ ಶೂ ಬಿಟ್ಟೇ ಹೋಗಬೇಕು. ಮಡಚುವ ಬಟ್ಟೆ ಚೀಲ ಒಂದಿರಲಿ. 2020ರ ಜುಲೈಯಿಂದ ಪ್ಲಾಸ್ಟಿಕ್ ಚೀಲಕ್ಕೆ ದುಡ್ಡು ಕೊಡಬೇಕು.

ಪಾಸ್‌ಪೋರ್ಟ್ ಒರಿಜಿನಲ್ ಜೊತೆಗಿರಲಿ. ಜೆರಾಕ್ಸ್ ಅಥವಾ ಫೋನಿನಲ್ಲಿರುವ ಫೋಟೋ ಸಾಲದು. ಯಾಕೆಂದು ಬಿಲ್ಲಿನ ವಿಷಯ ಬಂದಾಗ ಹೇಳುತ್ತೇನೆ. ನಿಮ್ಮ ಬ್ಯಾಂಕ್ ಕಾರ್ಡಿನಲ್ಲಿ ವಿದೇಶದ ವಹಿವಾಟನ್ನು ಊರಲ್ಲೇ ಆನ್ ಮಾಡಿಸಿಕೊಂಡು ಬನ್ನಿ. ಅಲ್ಲಿ ಕೌಂಟರ್ ಮುಂದೆ ನಿಂತು ಓಟಿಪಿಗೆ ಕಾಯುವುದು ತುಂಬಾ ಕಷ್ಟ. ನಗದು ಬೇಕಾದರೆ ಸೆವೆನ್ ಇಲೆವೆನ್ ಅಂಗಡಿಗಳೊಳಗಿನ ಎಟಿಎಂ ಹೊರದೇಶದ ಕಾರ್ಡ್ ತೆಗೆದುಕೊಳ್ಳುತ್ತದೆ.

ಅಂಗಡಿಗಳು ಸಾಮಾನ್ಯವಾಗಿ ಬೆಳಗ್ಗೆ 10:30ರಿಂದ ರಾತ್ರಿ 8:30ರ ತನಕ ತೆರೆದಿರುತ್ತವೆ. ಹೋಟೆಲುಗಳು ಅದಕ್ಕಿಂತ ತಡವಾಗಿ ಮುಚ್ಚುತ್ತವೆ. ವಾರದ ದಿನ ಬೆಳಗ್ಗೆ ಹೋದರೆ ನೆಮ್ಮದಿ. ಶನಿವಾರ ಭಾನುವಾರ ಮಧ್ಯಾಹ್ನ ಎಸ್ಕಲೇಟರಿಗೂ ಕ್ಯೂ. ಕಡಿಮೆ ಬೆಲೆಗೆ ಕೊಳ್ಳಬೇಕು ಅನ್ನುವವರು ಜನವರಿ ಮೊದಲ ದಿನಗಳಲ್ಲೋ ಜುಲೈನಲ್ಲೋ ಬನ್ನಿ. ಹೊಸ ವರ್ಷಕ್ಕೆ 'ಫುಕುಬುಕುರೊ' ಎಂಬ ಚೀಲ ಮಾರುತ್ತಾರೆ. ಒಳಗೆ ಏನಿದೆ ಎಂದು ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಕೊಟ್ಟ ದುಡ್ಡಿಗಿಂತ ಹೆಚ್ಚು ಬೆಲೆಯ ಸಾಮಾನು ಅದರಲ್ಲಿರುತ್ತದೆ.

ಯಾವ ಸ್ಟೇಷನ್ನಿನಲ್ಲಿ ಇಳಿಯಬೇಕು?

ಇಲ್ಲಿ ಎಡವುವವರು ಬಹಳ. ಉಮೇದಾ ಎಂಬ ಒಂದೇ ಜಾಗದ ಸುತ್ತ ಇಷ್ಟೊಂದು ಹೆಸರುಗಳಿವೆ. ಜೆಆರ್ ರೈಲಿನವರಿಗೆ ಅದು 'ಒಸಾಕಾ'. ಹಾಂಕ್ಯು ಮತ್ತು ಹಾನ್ಶಿನ್ ಎಂಬ ಖಾಸಗಿ ರೈಲುಗಳಿಗೆ 2019ರಿಂದ 'ಒಸಾಕಾ-ಉಮೇದಾ'. ಮೆಟ್ರೋದ ಮಿದೋಸುಜಿ ಲೈನಿಗೆ ಬರೀ 'ಉಮೇದಾ', ಯೋತ್ಸುಬಾಶಿ ಲೈನಿಗೆ 'ನಿಶಿ-ಉಮೇದಾ', ತಾನಿಮಾಚಿ ಲೈನಿಗೆ 'ಹಿಗಾಶಿ-ಉಮೇದಾ'. ನಿಶಿ ಅಂದರೆ ಪಶ್ಚಿಮ, ಹಿಗಾಶಿ ಅಂದರೆ ಪೂರ್ವ. ಎಲ್ಲವೂ ನಡೆದುಹೋಗುವಷ್ಟು ಹತ್ತಿರ, ನೆಲದಡಿಯ ದಾರಿಗಳಿಂದ ಒಂದಕ್ಕೊಂದು ಸೇರಿಕೊಂಡಿವೆ. ಆದರೆ ಆ ನೆಲದಡಿಯ ದಾರಿಗಳಲ್ಲಿ ದಿಕ್ಕು ತಪ್ಪುವುದು ತುಂಬಾ ಸುಲಭ. ಸಾಧ್ಯವಾದರೆ ಜೆಆರ್‌ನಲ್ಲೇ ಬಂದುಬಿಡಿ.

ಟೋಕಿಯೋದಿಂದ ಶಿಂಕಾನ್ಸೆನ್‌ನಲ್ಲಿ ಬರುವವರು ಇನ್ನೊಂದು ವಿಷಯ ನೆನಪಿಡಿ. ಬುಲೆಟ್ ರೈಲು ನಿಲ್ಲುವುದು ಶಿನ್-ಒಸಾಕಾದಲ್ಲಿ, ಒಸಾಕಾದಲ್ಲಿ ಅಲ್ಲ. ಅಲ್ಲಿ ಇಳಿದು ಜೆಆರ್ ಲೋಕಲ್ ಹಿಡಿದರೆ ಮುಂದಿನ ಸ್ಟೇಷನ್ನೇ ಒಸಾಕಾ, ನಾಲ್ಕೈದು ನಿಮಿಷ. ಕನ್ಸಾಯ್ ವಿಮಾನ ನಿಲ್ದಾಣದಿಂದ ಬರುವವರಿಗೆ ಹರುಕಾ ಎಕ್ಸ್‌ಪ್ರೆಸ್ 2023ರ ಮಾರ್ಚ್‌ನಿಂದ ನೇರವಾಗಿ ಒಸಾಕಾ ಸ್ಟೇಷನ್ನಿಗೇ ಬರುತ್ತದೆ. ಆ ಪ್ಲಾಟ್‌ಫಾರಂಗಳು ನೆಲದಡಿಯಲ್ಲಿವೆ. ಅಲ್ಲಿಂದ ಮೇಲೆ ಬರಲು ಸ್ವಲ್ಪ ನಡೆಯಬೇಕು. ಸೂಟ್‌ಕೇಸ್ ಇದ್ದರೆ ಸ್ಟೇಷನ್ನಿನ ಲಾಕರಿನಲ್ಲಿ ಇಟ್ಟುಬಿಡಿ. ಅದನ್ನು ಎಳೆದುಕೊಂಡು ಅಂಗಡಿಯೊಳಗೆ ಓಡಾಡಬೇಡಿ. ಒಳಗಿನ ದಾರಿಗಳು ಕಿರಿದು. ಲಾಕರ್ ಇಟ್ಟ ಜಾಗದ ಫೋಟೋ ತೆಗೆದುಕೊಳ್ಳಿ, ಪಕ್ಕದ ಬೋರ್ಡ್ ಕಾಣುವ ಹಾಗೆ. ಇದೊಂದು ಫೋಟೋ ಸಂಜೆ ನಿಮ್ಮ ಅರ್ಧ ಗಂಟೆ ಉಳಿಸುತ್ತದೆ.

ಇಕೋಕಾ ಕಾರ್ಡ್ ಮಾಡಿಸಿಕೊಂಡರೆ ಒಳ್ಳೆಯದು. ನಮ್ಮ ಮೆಟ್ರೋ ಕಾರ್ಡ್ ಇದ್ದ ಹಾಗೆ. 2000 ಯೆನ್ ಕೊಟ್ಟರೆ 500 ಯೆನ್ ಠೇವಣಿ, ಉಳಿದ 1500 ಬಳಸಬಹುದು. ರೈಲಿಗೆ ಮಾತ್ರ ಅಲ್ಲ, ಎಷ್ಟೋ ಲಾಕರ್‌ಗಳಿಗೂ ಅಂಗಡಿಗಳಿಗೂ ಅದು ನಡೆಯುತ್ತದೆ.

ಇಳಿದ ಮೇಲೆ ಕೆಳಗೆ ಹೋಗಬೇಡಿ

ಪ್ಲಾಟ್‌ಫಾರಂನಲ್ಲಿ ಇಳಿದ ಕೂಡಲೇ ಜನರೆಲ್ಲ ಕೆಳಗಿನ ಮೆಟ್ಟಿಲಿನ ಕಡೆ ಹೋಗುತ್ತಿರುತ್ತಾರೆ. ನೀವು ಅವರ ಹಿಂದೆ ಹೋಗಬೇಡಿ. ಮೇಲಕ್ಕೆ ಹೋಗುವ ಎಸ್ಕಲೇಟರ್ ಹುಡುಕಿ. 'ಬ್ರಿಡ್ಜ್ ಗೇಟ್' ಎಂದು ಇಂಗ್ಲಿಷ್‌ನಲ್ಲೂ ಬರೆದಿರುತ್ತದೆ. ಹಳಿಗಳ ಮೇಲೆ ಕಟ್ಟಿದ ಸೇತುವೆಯ ಗೇಟು ಇದು. ಮೂರನೇ ಮಹಡಿಯಲ್ಲಿದೆ. ಗೇಟು ದಾಟಿ ಉತ್ತರಕ್ಕೆ ತಿರುಗಿದರೆ ಬಲಕ್ಕೆ ಲುಕುವಾ, ಎಡಕ್ಕೆ ಲುಕುವಾ 1100. ಕೆಳಗೆ ಇಳಿದು ಸುತ್ತಿಕೊಂಡು ಬರುವ ಕಷ್ಟವೇ ಇಲ್ಲ.

ಮಹಡಿಯ ಲೆಕ್ಕವನ್ನು ಇಲ್ಲೇ ಸರಿ ಮಾಡಿಕೊಳ್ಳಿ. ನಮ್ಮಲ್ಲಿ ಗ್ರೌಂಡ್ ಫ್ಲೋರ್, ಅದರ ಮೇಲೆ ಫಸ್ಟ್ ಫ್ಲೋರ್. ಜಪಾನಿನಲ್ಲಿ ನೆಲದ ಮಟ್ಟವೇ ಒಂದನೇ ಮಹಡಿ. ನೆಂಟರು ಬೇರೆ ಬೇರೆಯಾಗಿ ಸುತ್ತಿ 'ಐದನೇ ಮಹಡಿಯಲ್ಲಿ ಸಿಗೋಣ' ಎಂದುಕೊಂಡು, ಒಬ್ಬರು ಐದರಲ್ಲಿ, ಇನ್ನೊಬ್ಬರು ಆರರಲ್ಲಿ ಕಾದದ್ದನ್ನು ನೋಡಿದ್ದೇನೆ.

ಎಸ್ಕಲೇಟರಿನಲ್ಲಿ ಒಸಾಕಾದವರು ಬಲಕ್ಕೆ ನಿಲ್ಲುತ್ತಾರೆ, ಟೋಕಿಯೋದವರು ಎಡಕ್ಕೆ. ಇದೇ ಉಮೇದಾದ ಹಾಂಕ್ಯು ಸ್ಟೇಷನ್ನಿನಲ್ಲಿ 1967ರ ಸುಮಾರಿಗೆ ಅವಸರದವರಿಗೆ ಎಡಬದಿ ಬಿಡಿ ಎಂದು ಮೈಕಿನಲ್ಲಿ ಹೇಳಿದ್ದರಿಂದ ಈ ರೂಢಿ ಬಂತು ಎನ್ನುತ್ತಾರೆ. ಈಗ ರೈಲಿನವರು ಯಾರೂ ನಡೆಯಬೇಡಿ, ಎರಡೂ ಕಡೆ ನಿಲ್ಲಿ ಎಂದು ಕೇಳಿಕೊಳ್ಳುತ್ತಾರೆ. ಮುಂದಿನವರು ನಿಂತ ಕಡೆಗೇ ನಿಂತರೆ ಸರಿಯಾಗುತ್ತದೆ.

ಗಡಿಯಾರದ ಹತ್ತಿರ ಮೊದಲ ನಿಲುಗಡೆ

ಗೇಟಿನಿಂದ ಎಸ್ಕಲೇಟರ್ ಹಿಡಿದು ಐದನೇ ಮಹಡಿಗೆ ಹೋಗಿ. ಅಲ್ಲಿ 'ತೋಕಿ ನೋ ಹಿರೋಬಾ' ಎಂಬ ಅಗಲವಾದ ಬಯಲಿದೆ. ತೋಕಿ ಅಂದರೆ ಕಾಲ, ಹಿರೋಬಾ ಅಂದರೆ ಬಯಲು. ಒಂದು ತುದಿಯಲ್ಲಿ ಬಂಗಾರದ ಬಣ್ಣದ ಗಡಿಯಾರ, ಇನ್ನೊಂದು ತುದಿಯಲ್ಲಿ ಬೆಳ್ಳಿ ಬಣ್ಣದ್ದು. ತಲೆಯ ಮೇಲೆ ಇಡೀ ಸ್ಟೇಷನ್ನಿಗೆ ಹೊದಿಸಿದ ಇಳಿಜಾರಿನ ದೊಡ್ಡ ಚಾವಣಿ. ಕಟಕಟೆಯ ಹತ್ತಿರ ನಿಂತು ಬಗ್ಗಿ ನೋಡಿದರೆ ಕಾಲಡಿಯಲ್ಲೇ ರೈಲುಗಳು ಬಂದು ಹೋಗುತ್ತವೆ.

ನನಗೆ ಇಡೀ ಕಟ್ಟಡದಲ್ಲಿ ಹೆಚ್ಚು ಇಷ್ಟದ ಜಾಗ ಇದೇ. ಈ ಊರಿಗೆ ರೈಲು ಬಂದದ್ದು 1874ರಲ್ಲಿ. ಅದೇ ವರ್ಷ ಒಸಾಕಾ ಸ್ಟೇಷನ್ ಶುರುವಾಯಿತು. ಅಂಥ ಹಳೆಯ, ಗಿಜಿಗುಡುವ ಸ್ಟೇಷನ್ನಿನ ಹಳಿಗಳ ಮೇಲೆ ಸುಮ್ನೆ ಕೂರಲು ಇಷ್ಟು ದೊಡ್ಡ ಜಾಗ ಬಿಟ್ಟಿದ್ದಾರಲ್ಲ, ಅದು ದೊಡ್ಡ ಮನಸ್ಸು. ಟಿಕೆಟ್ ಇಲ್ಲ, ಏನನ್ನೂ ಕೊಳ್ಳಬೇಕಾಗಿಲ್ಲ. ಕಾಲೇಜು ಹುಡುಗರು ಓದುತ್ತಿರುತ್ತಾರೆ. ಮುದುಕರು ಮೊಮ್ಮಕ್ಕಳಿಗೆ ರೈಲು ತೋರಿಸುತ್ತಿರುತ್ತಾರೆ.

ಗುಂಪಿನಲ್ಲಿ ಬಂದಿದ್ದರೆ ಬಂಗಾರದ ಗಡಿಯಾರವನ್ನೇ ಸೇರುವ ಜಾಗ ಮಾಡಿಕೊಳ್ಳಿ. ತಪ್ಪಿಸಿಕೊಂಡರೆ ಯಾರೂ ಯಾರನ್ನೂ ಹುಡುಕಬಾರದು, ಎಲ್ಲರೂ ಗಡಿಯಾರಕ್ಕೆ ಬರಬೇಕು ಎಂದು ಮೊದಲೇ ಹೇಳಿಬಿಡಿ.

ಇನ್ನೂ ಮೇಲೆ, ತೋಟಕ್ಕೆ

ಇಲ್ಲಿಂದ 11ನೇ ಮಹಡಿಗೆ ಹೋಗಿ. ಅಲ್ಲಿ 'ಕಾಜೆ ನೋ ಹಿರೋಬಾ' ಇದೆ. ಕಾಜೆ ಅಂದರೆ ಗಾಳಿ. ಹೆಸರಿಗೆ ತಕ್ಕಂತೆ ಗಾಳಿ ಬೀಸುವ ತೆರೆದ ಬಯಲು. ಅಲ್ಲಿಂದ ಮತ್ತೂ ಮೇಲೆ ಹತ್ತಿದರೆ 14ನೇ ಮಹಡಿಯಲ್ಲಿ 'ತೆನ್ಕೂ ನೋ ನೋಯೆನ್', ಆಕಾಶದ ಹೊಲ. ರೈಲ್ವೆ ಸ್ಟೇಷನ್ನಿನ ತಾರಸಿಯಲ್ಲಿ ಮಡಿ ಮಾಡಿ ತರಕಾರಿ ಬೆಳೆಯುತ್ತಾರೆ. ಸುತ್ತ ಉಮೇದಾದ ಎತ್ತರದ ಕಟ್ಟಡಗಳು, ನಡುವೆ ಸೊಪ್ಪು ತರಕಾರಿ. ಕೆಳಗಿನ ಗಲಾಟೆ ಅಷ್ಟಾಗಿ ಇಲ್ಲಿಗೆ ಬರುವುದಿಲ್ಲ. ಅಂಗಡಿಗೆ ಬಂದವರಲ್ಲಿ ಇಲ್ಲಿಯ ತನಕ ಹತ್ತುವವರು ಕಡಿಮೆ. ಮಳೆ, ಜೋರು ಗಾಳಿ ಇದ್ದರೆ ಮುಚ್ಚಿರಬಹುದು. ಅದಕ್ಕೇ ಬಿಸಿಲಿದ್ದಾಗ ಮೊದಲೇ ನೋಡಿಬಿಡುವುದು ಒಳ್ಳೆಯದು, ಅಲ್ವಾ?

ಉತ್ತರದ ಕಡೆಯ ಹಳೆಯ ಗೂಡ್ಸ್ ಯಾರ್ಡ್ ಜಾಗದಲ್ಲಿ ಈಗ ಗ್ರಾಂಡ್ ಗ್ರೀನ್ ಒಸಾಕಾ ಎಂಬ ಕಟ್ಟಡಗಳ ಸಮೂಹ, ಅದರೊಳಗೆ ಪಾರ್ಕ್ ಇದೆ. 2024ರ ಸೆಪ್ಟೆಂಬರ್‌ನಲ್ಲಿ ಅದರ ಮೊದಲ ಭಾಗ ತೆರೆಯಿತು. ಸಮಯ ಇದ್ದರೆ ಸಂಜೆ ನಡೆದುಕೊಂಡು ಹೋಗಬಹುದು.

ಪುಸ್ತಕದಂಗಡಿ, ಆಮೇಲೆ ಬಟ್ಟೆ

ಈಗ ಇಳಿಯೋಣ. 10ನೇ ಮಹಡಿಯಲ್ಲಿ ಹೋಟೆಲುಗಳು. ಲುಕುವಾ 1100ರ 9ನೇ ಮಹಡಿಯಲ್ಲಿ ಉಮೇದಾ ತ್ಸುತಾಯಾ ಪುಸ್ತಕದಂಗಡಿ. ಜಪಾನಿ ಓದಲು ಬರದಿದ್ದರೂ ಹೋಗಿ. ಅಡುಗೆ, ಹೊಲಿಗೆ, ಫೋಟೋ, ಕಟ್ಟಡ ವಿನ್ಯಾಸದ ಪುಸ್ತಕಗಳನ್ನು ಕಣ್ಣಲ್ಲೇ ಓದಬಹುದು. ಒಳ್ಳೆಯ ಪೆನ್ನು, ನೋಟ್‌ಬುಕ್ಕುಗಳೂ ಸಿಗುತ್ತವೆ. ಊರಿಗೆ ಕೊಂಡೊಯ್ಯಲು ಅವು ಹಗುರ, ಒಡೆಯುವುದೂ ಇಲ್ಲ.

ಅದರ ಕೆಳಗೆ ಮಹಡಿ ಮಹಡಿ ಬಟ್ಟೆ, ಚೀಲ, ಶೂ, ಮೇಕಪ್. ಎಲ್ಲವನ್ನೂ ನೋಡಲು ಹೋಗಬೇಡಿ. ಎಸ್ಕಲೇಟರ್ ಪಕ್ಕದ ಪಟ್ಟಿ ನೋಡಿ ಎರಡು ಅಥವಾ ಮೂರು ಮಹಡಿ ಆರಿಸಿಕೊಳ್ಳಿ.

ಒಳಗೆ ಕಾಲಿಟ್ಟ ಕೂಡಲೇ 'ಇರಾಶ್ಶಾಯ್ಮಾಸೆ' ಎನ್ನುತ್ತಾರೆ. ಬನ್ನಿ ಎಂದು ಕರೆದದ್ದು ಅಷ್ಟೇ. ತಿರುಗಿ ಮಾತಾಡಬೇಕಿಲ್ಲ, ಸ್ವಲ್ಪ ತಲೆ ಬಾಗಿಸಿದರೆ ಸಾಕು. ಏನಾದರೂ ಬೇಕಾ ಎಂದು ಕೇಳಿದರೆ 'ಮಿತೆಇರು ದಾಕೆ ದೆಸು', ಸುಮ್ನೆ ನೋಡುತ್ತಿದ್ದೇನೆ ಎಂದು ಅರ್ಥ. ಹಾಕಿ ನೋಡಬೇಕಾದರೆ ಬಟ್ಟೆ ತೋರಿಸಿ 'ಶಿಚಾಕು' ಎನ್ನಿ. ಕೇಳದೆ ಟ್ರಯಲ್ ರೂಮಿಗೆ ನುಗ್ಗುವ ಹಾಗಿಲ್ಲ. ಕೋಣೆಯ ಅಂಚಿನಲ್ಲಿ ಶೂ ಬಿಡಿ. ಒಳಗೆ ತೆಳುವಾದ ಬಟ್ಟೆಯ ಮುಸುಕು ಇಟ್ಟಿರುತ್ತಾರೆ. ತಲೆಯ ಮೇಲಿಂದ ಅಂಗಿ ಹಾಕುವಾಗ ಅದನ್ನು ಮುಖಕ್ಕೆ ಹಾಕಿಕೊಳ್ಳಬೇಕು. ಲಿಪ್‌ಸ್ಟಿಕ್, ಪೌಡರ್, ಕುಂಕುಮ ಬಟ್ಟೆಗೆ ತಾಗಬಾರದು ಎಂದು.

ಸೈಜ್ ನಮ್ಮಲ್ಲಿಗಿಂತ ಚಿಕ್ಕದು. ಊರಲ್ಲಿ ಎಂ ಹಾಕುವವರಿಗೆ ಇಲ್ಲಿ ಎಲ್ ಬೇಕಾಗಬಹುದು. ಹೆಣ್ಣುಮಕ್ಕಳ ಬಟ್ಟೆಯಲ್ಲಿ ಅಕ್ಷರದ ಬದಲು 7, 9, 11 ಎಂದೂ ಇರುತ್ತದೆ, 9 ಅಂದರೆ ಸುಮಾರಾಗಿ ಎಂ. 'ಫ್ರೀ ಸೈಜ್' ಎಂದಿದ್ದರೆ ಎಲ್ಲರಿಗೂ ಆಗುತ್ತದೆ ಎಂದುಕೊಳ್ಳಬೇಡಿ, ಹಾಕಿಯೇ ನೋಡಿ. ಅಕ್ಕನ ಮಗಳು ಮೂರು ಅಂಗಡಿಯಲ್ಲಿ ಒಂದೂ ಸೈಜ್ ಆಗದೆ ಮುಖ ಸಣ್ಣ ಮಾಡಿಕೊಂಡಿದ್ದಳು. ನಿಮ್ಮ ಮಕ್ಕಳಿಗೆ ಮೊದಲೇ ಹೇಳಿ: ಬಟ್ಟೆಯ ಅಳತೆ ಬೇರೆ ದೇಶದ್ದು, ನಿನ್ನ ಮೈಯಲ್ಲಿ ಏನೂ ತಪ್ಪಿಲ್ಲ. ಕೈಚೀಲ, ಸಾಕ್ಸ್, ಕರವಸ್ತ್ರ, ಕ್ಲಿಪ್ಪುಗಳಿಗೆ ಈ ತೊಂದರೆ ಇಲ್ಲ. ಜಪಾನಿನ ಕರವಸ್ತ್ರಗಳಂತೂ ನೋಡಿದಷ್ಟೂ ಸಾಲದು.

ಚೌಕಾಸಿ ಮಾಡಬೇಡಿ. ಬರೆದ ಬೆಲೆಯೇ ಬೆಲೆ. ಅಂಗಡಿಯೊಳಗೆ ಫೋಟೋ ತೆಗೆಯುವ ಮುಂಚೆ ಒಮ್ಮೆ ಕೇಳಿ.

ಬಿಲ್ಲು ಮತ್ತು ತೆರಿಗೆ

ದುಡ್ಡನ್ನು ಕೈಗೆ ಕೊಡಬೇಡಿ. ಕೌಂಟರ್ ಮೇಲೆ ಚಿಕ್ಕ ತಟ್ಟೆ ಇರುತ್ತದೆ, ಅದರಲ್ಲಿಡಿ. ಕೆಲವು ಅಂಗಡಿಗಳಲ್ಲಿ ಚೀಲವನ್ನು ಬಾಗಿಲ ತನಕ ಅವರೇ ಹಿಡಿದುಕೊಂಡು ಬಂದು ಕೊಡುತ್ತಾರೆ. ಬೇಡ ಎನ್ನಬೇಡಿ, ಅದು ಅವರ ಮರ್ಯಾದೆ. ಟಿಪ್ಸ್ ಕೊಡುವ ಪದ್ಧತಿ ಇಲ್ಲ.

ಬೆಲೆ ಚೀಟಿಯಲ್ಲಿ ಎರಡು ಸಂಖ್ಯೆ ಇದ್ದರೆ ದೊಡ್ಡದನ್ನೇ ಲೆಕ್ಕ ಹಿಡಿಯಿರಿ. 'ಜೇಕೋಮಿ' ಅಂದರೆ ತೆರಿಗೆ ಸೇರಿ, 'ಜೇನುಕಿ' ಅಂದರೆ ತೆರಿಗೆ ಬಿಟ್ಟು. 2019ರ ಅಕ್ಟೋಬರ್‌ನಿಂದ ತೆರಿಗೆ 10%. ಕಟ್ಟಿಸಿಕೊಂಡು ಹೋಗುವ ತಿಂಡಿಗೆ ಮಾತ್ರ 8%.

ಪ್ರವಾಸಕ್ಕೆ ಬಂದವರು ಒಂದೇ ಅಂಗಡಿಯಲ್ಲಿ ಒಂದೇ ದಿನ, ತೆರಿಗೆ ಬಿಟ್ಟು 5000 ಯೆನ್ ಅಥವಾ ಅದಕ್ಕಿಂತ ಹೆಚ್ಚಿಗೆ ಕೊಂಡರೆ ಈ ತೆರಿಗೆ ಉಳಿಸಬಹುದು. 'ಮೆಂಜೇ' ಎಂದು ಕೇಳಿ. ಎಲ್ಲ ಅಂಗಡಿಯಲ್ಲೂ ಈ ಸೌಲಭ್ಯ ಇರುವುದಿಲ್ಲ. 2026ರ ಅಕ್ಟೋಬರ್ ಕೊನೆಯ ತನಕ ತೆರಿಗೆ ಬಿಟ್ಟೇ ಕೊಳ್ಳಬಹುದು. 2026ರ ನವೆಂಬರ್ 1ರಿಂದ ಕ್ರಮ ಬದಲು: ಅಂಗಡಿಯಲ್ಲಿ ತೆರಿಗೆ ಸೇರಿಸಿ ಕೊಟ್ಟು, ದೇಶ ಬಿಡುವಾಗ ಕಸ್ಟಮ್ಸ್‌ನಲ್ಲಿ ಸಾಮಾನು ತೋರಿಸಿದ ಮೇಲೆ ತೆರಿಗೆ ಹಿಂದೆ ಪಡೆಯಬೇಕು. ಎರಡರಲ್ಲೂ ಪಾಸ್‌ಪೋರ್ಟ್ ಒರಿಜಿನಲ್ ಬೇಕು. ಜಪಾನಿನಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಇದು ಸಿಗುವುದಿಲ್ಲ. ಹಾಗಾಗಿ ಮಾಮ ಕಾರ್ಡ್ ಕೊಡಲಿ ಎಂದು ಕಾಯಬೇಡಿ. ಪಾಸ್‌ಪೋರ್ಟ್ ಯಾರದೋ ಕಾರ್ಡೂ ಅವರದೇ ಇರಬೇಕು.

ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

ಲುಕುವಾ 1100ರ ನೆಲದಡಿಯ ಎರಡನೇ ಮಹಡಿಯಲ್ಲಿ ಫುಡ್ ಹಾಲ್ ಇದೆ. ಅಲ್ಲೇ 'ಬಾರುಚಿಕಾ' ಎಂಬ ಸಣ್ಣ ಸಣ್ಣ ಹೋಟೆಲುಗಳ ಸಾಲೂ ಇದೆ. ಬಾರು ಅಂದರೆ ಬಾರ್, ಚಿಕಾ ಅಂದರೆ ನೆಲದಡಿ. ಕೆಲಸ ಮುಗಿಸಿದ ಹುಡುಗ ಹುಡುಗಿಯರು ಸಂಜೆ ಇಲ್ಲಿ ತುಂಬಿಕೊಳ್ಳುತ್ತಾರೆ. ಮೀನು ಮಾಂಸ ತಿನ್ನುವವರಿಗೆ ಯೋಚನೆಯೇ ಬೇಡ, ಯಾವ ಕ್ಯೂ ಉದ್ದ ಇದೆಯೋ ಅದರಲ್ಲಿ ನಿಲ್ಲಿ.

ಸಸ್ಯಾಹಾರಿಗಳು ಒಂದು ಪದ ಕಲಿಯಲೇಬೇಕು: ದಾಶಿ. ಹೆಚ್ಚಾಗಿ ಒಣ ಮೀನಿನಿಂದ ಮಾಡುವ ತಿಳಿಸಾರು. ಉದೋನ್ ಎಂಬ ದಪ್ಪ ಶ್ಯಾವಿಗೆ, ಮಿಸೊ ಸಾರು, ಬೇಯಿಸಿದ ತರಕಾರಿ, ತೋಫು ಎಲ್ಲದರಲ್ಲೂ ಅದು ಇರಬಹುದು. ಕಣ್ಣಿಗೆ ಕಾಣುವುದಿಲ್ಲ. 'ಮಾಂಸ ಇದೆಯಾ' ಎಂದು ಕೇಳಿದರೆ ಪಾಪ, ಇಲ್ಲ ಎಂದೇ ಹೇಳುತ್ತಾರೆ. ಅವರ ಲೆಕ್ಕದಲ್ಲಿ ದಾಶಿ ಮಾಂಸ ಅಲ್ಲ. ಒಮ್ಮೆ ನನ್ನ ಅತ್ತಿಗೆ ಹೀಗೇ ಕೇಳಿ ಅರ್ಧ ಬಟ್ಟಲು ಉದೋನ್ ತಿಂದ ಮೇಲೆ ವಿಷಯ ಗೊತ್ತಾಗಿ, ಆ ದಿನವೆಲ್ಲ ಬೇರೇನೂ ತಿನ್ನಲಿಲ್ಲ. ಅವರ ಮುಖ ನೋಡಿ ನನಗೂ ಊಟ ಸೇರಲಿಲ್ಲ. ಆದ್ದರಿಂದ ಪೂರ್ತಿ ಹೇಳಿ: 'ನಿಕು, ಸಕಾನಾ, ದಾಶಿ, ತಾಬೆರಾರೆಮಾಸೆನ್'. ಮಾಂಸ, ಮೀನು, ದಾಶಿ ತಿನ್ನುವುದಿಲ್ಲ ಎಂದು. ಮೊಟ್ಟೆ ಬೇಡದಿದ್ದರೆ 'ತಮಾಗೊ' ಕೂಡ ಸೇರಿಸಿ. ಜಪಾನಿ ಅಕ್ಷರದಲ್ಲಿ ಬರೆದಿಟ್ಟು ಫೋನಿನಲ್ಲಿ ತೋರಿಸಿದರೆ ಇನ್ನೂ ಒಳ್ಳೆಯದು.

ಬರೀ ಉಪ್ಪಿನ ಅನ್ನದ ಉಂಡೆಗೆ 'ಶಿಯೋ ಮುಸುಬಿ' ಎನ್ನುತ್ತಾರೆ. ಅದು, ಹಣ್ಣು, ಕಾಳಿನ ಹೂರಣದ ಮೋಚಿ ಎಂಬ ಅಕ್ಕಿಯ ಸಿಹಿ, ಇವು ಹೆಚ್ಚಾಗಿ ತೊಂದರೆ ಕೊಡುವುದಿಲ್ಲ. ಆದರೂ ಹಿಂದಿನ ಚೀಟಿಯನ್ನು ಫೋನಿನ ಅನುವಾದದಲ್ಲಿ ನೋಡಿಕೊಳ್ಳಿ. ಕಟ್ಟುನಿಟ್ಟಿನವರಿದ್ದರೆ ಮನೆಯಿಂದ ಚಪಾತಿ, ಚಟ್ನಿಪುಡಿ ತಂದು ಹೊರಗಿನ ಪಾರ್ಕಿನಲ್ಲಿ ಕೂತು ತಿನ್ನಿ. ನಡೆಯುತ್ತಾ ತಿನ್ನುವುದನ್ನು ಇಲ್ಲಿ ಇಷ್ಟಪಡುವುದಿಲ್ಲ. ಕಸದ ಬುಟ್ಟಿಗಳೂ ಅಪರೂಪ, ಕಸ ಹಾಕಿಕೊಳ್ಳಲು ಒಂದು ಕವರ್ ಇರಲಿ.

ಇನ್ನೂ ಹೊತ್ತಿದ್ದರೆ

ಮಕ್ಕಳಿದ್ದರೆ ಹಳಿಗಳ ಆಚೆ ದಕ್ಷಿಣದ ಕಟ್ಟಡಕ್ಕೆ ಹೋಗಿ. ಅಲ್ಲಿ ದೈಮಾರು ಎಂಬ ಡಿಪಾರ್ಟ್‌ಮೆಂಟ್ ಸ್ಟೋರಿನ 13ನೇ ಮಹಡಿಯಲ್ಲಿ ಪೋಕೆಮಾನ್ ಸೆಂಟರ್ ಇದೆ. 2022ರ ನವೆಂಬರ್‌ನಿಂದ ನಿಂಟೆಂಡೊ ಅಂಗಡಿಯೂ ಅಲ್ಲೇ ಇದೆ.

ಹೆಪ್ ಫೈವ್‌ಗೆ ಪೂರ್ವಕ್ಕೆ ಹತ್ತು ನಿಮಿಷದೊಳಗಿನ ನಡಿಗೆ. 1998ರಲ್ಲಿ ತೆರೆದ ಈ ಮಾಲ್‌ನ ನೆತ್ತಿಯಲ್ಲಿ ಕೆಂಪು ಜಯಂಟ್ ವ್ಹೀಲ್ ಇದೆ. ತುದಿಗೆ ಹೋದಾಗ ನೆಲದಿಂದ 106 ಮೀಟರ್ ಎತ್ತರದಲ್ಲಿರುತ್ತೀರಿ. ಹದಿಹರೆಯದವರು ಇಲ್ಲೇ ಜಾಸ್ತಿ. ಅದರ ಪಕ್ಕದಲ್ಲೇ ಹಾಂಕ್ಯು ಡಿಪಾರ್ಟ್‌ಮೆಂಟ್ ಸ್ಟೋರ್. 1929ರಲ್ಲಿ ಹಾಂಕ್ಯು ರೈಲು ಕಂಪನಿ ತನ್ನ ಕೊನೆಯ ಸ್ಟೇಷನ್ನಿನಲ್ಲಿ ತಾನೇ ಶುರು ಮಾಡಿದ ಅಂಗಡಿ ಅದು. ರೈಲಿಗೆ ಬಂದವರು ಅಂಗಡಿಗೂ ಬರುತ್ತಾರೆ, ಅಂಗಡಿಗೆ ಬರುವವರು ರೈಲನ್ನೂ ಹತ್ತುತ್ತಾರೆ ಎಂಬ ಲೆಕ್ಕ. ಇಂಥ ಸ್ಟೇಷನ್ ಕಟ್ಟಡಗಳಿಗೆ ಜಪಾನಿಯಲ್ಲಿ 'ಎಕಿಬಿರು' ಎಂದೇ ಹೆಸರು. 1987ರಲ್ಲಿ ಸರ್ಕಾರಿ ರೈಲ್ವೆ ಒಡೆದು ಜೆಆರ್ ಕಂಪನಿಗಳಾದ ಮೇಲೆ ಅವರೂ ಇದೇ ದಾರಿ ಹಿಡಿದರು. ಲುಕುವಾ ಹುಟ್ಟಿದ್ದೂ ಅದೇ ದಾರಿಯಲ್ಲಿ.

ವಾಪಸ್ ಹೊರಡುವಾಗ ಸಂಜೆ 5:30ರಿಂದ 7:30ರ ರೈಲುಗಳನ್ನು ಬಿಟ್ಟುಬಿಡಿ. ಚೀಲ ಹಿಡಿದು ಆ ನೂಕುನುಗ್ಗಲಲ್ಲಿ ನಿಲ್ಲುವುದು ಕಷ್ಟ. ಹುಡುಗಿಯರು ಒಬ್ಬರೇ ಇದ್ದರೆ ಒಸಾಕಾ ಲೂಪ್ ಲೈನಿನಲ್ಲಿ ಮಹಿಳೆಯರ ಬೋಗಿ ಹುಡುಕಿ. ಪ್ಲಾಟ್‌ಫಾರಂ ನೆಲದ ಮೇಲೆ ಗುಲಾಬಿ ಬಣ್ಣದಲ್ಲಿ ಬರೆದಿರುತ್ತದೆ. ಆ ಎರಡು ಗಂಟೆ ಎಲ್ಲಿ ಕಳೆಯುವುದು ಎಂದರೆ, ಮತ್ತೆ ಐದನೇ ಮಹಡಿಯ ಗಡಿಯಾರದ ಹತ್ತಿರ ಹೋಗಿ ಕೂತುಕೊಳ್ಳಿ. ಚಾವಣಿಯ ಕೆಳಗೆ ದೀಪ ಹತ್ತಿರುತ್ತದೆ. ಕೆಳಗೆ ತುಂಬಿದ ರೈಲುಗಳು ಒಂದಾದ ಮೇಲೊಂದು ಹೊರಡುತ್ತಿರುತ್ತವೆ. ಕಾಲು ಚಾಚಿ, ಕೊಂಡದ್ದನ್ನು ಒಂದೊಂದಾಗಿ ತೆಗೆದು ನೋಡಿ. ಎಂಟು ಗಂಟೆ ಹೊತ್ತಿಗೆ ಲಾಕರಿನಿಂದ ಸೂಟ್‌ಕೇಸ್ ತೆಗೆದುಕೊಂಡು ಹೊರಟರೆ ರೈಲಿನಲ್ಲಿ ಕೂರಲು ಜಾಗವೂ ಸಿಗಬಹುದು.